ಅಡಿಕೆ ದುಡ್ಡು ಮತ್ತೆ ಅಡಿಕೆಗೇ ಯಾಕೆ?

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಪೈವಳಿಕೆ ಕಡೆಯ ಮನೆಗಳಲ್ಲಿ ಉಳಿತಾಯದ ಅಭ್ಯಾಸವೇ ಇಲ್ಲ ಎಂದು ಯಾರಾದರೂ ಹೇಳಿದರೆ ನಾನಂತೂ ಒಪ್ಪುವುದಿಲ್ಲ. ಉಳಿಸುತ್ತಾರೆ, ಚೆನ್ನಾಗಿಯೇ ಉಳಿಸುತ್ತಾರೆ. ಅಟ್ಟದಲ್ಲಿ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆಯ ಮೂಟೆ ಇರುತ್ತದೆ. ಕಪಾಟಿನಲ್ಲಿ ನಾಲ್ಕು ಪವನು ಚಿನ್ನ, ಸೊಸೈಟಿಯಲ್ಲಿ ಠೇವಣಿ, ತಿಂಗಳಿಗೊಂದು ಚಿಟ್ಟಿ (ಚೀಟಿ) ಇರುತ್ತದೆ. ಮಗ ಗಲ್ಫಿನಲ್ಲಿದ್ದರೆ ಅರ್ಧ ಕಟ್ಟಿದ ಮನೆಯೂ ಇರುತ್ತದೆ. ತೊಂದರೆ ಬೇರೆಯೇ. ಉಳಿಸಿದ್ದೆಲ್ಲ ಹೆಚ್ಚುಕಡಿಮೆ ಒಂದೇ ಕಡೆ ಹೋಗಿ ಕೂರುತ್ತದೆ.

ಈ ಮಾತು ಈಗ ಯಾಕೆಂದರೆ, ಕೆಲವು ವರ್ಷಗಳಿಂದ ಅಡಿಕೆ ಬೆಲೆ ನಮ್ಮನ್ನು ಸ್ವಲ್ಪ ಮೈಮರೆಸಿದೆ. 2020ರ ಆರಂಭದಲ್ಲಿ ಕಿಲೋಗೆ 250 ರೂಪಾಯಿ ಆಸುಪಾಸಿನಲ್ಲಿದ್ದ ಚಾಲಿ, ಮರುವರ್ಷ 500ರ ಹತ್ತಿರ ಹೋಯಿತು. ನಡುವೆ ಇಳಿಯಿತು, ಮತ್ತೆ ಏರಿತು. ಬಂದ ದುಡ್ಡು ಎಲ್ಲಿ ಹೋಯಿತು ಎಂದು ನೋಡಬೇಕಾದರೆ ಸುಮ್ನೆ ಒಂದು ಸುತ್ತು ಬಸ್ಸಿನಲ್ಲಿ ಹೋದರೆ ಸಾಕು. ಜೆಸಿಬಿ ಹಚ್ಚಿ ಗುಡ್ಡ ತಟ್ಟು ಮಾಡಿ ಅಡಿಕೆ ಸಸಿ ಇಟ್ಟಿದ್ದಾರೆ. ರಬ್ಬರ್ ಕಡಿದು ಅಡಿಕೆ ಇಟ್ಟಿದ್ದಾರೆ. ಅದಕ್ಕೆ ನೀರು ಬೇಕಲ್ಲ, ಇನ್ನೊಂದು ಬೋರ್‌ವೆಲ್ ಕೊರೆಸಿದ್ದಾರೆ. ಅಡಿಕೆಯಿಂದ ಬಂದದ್ದು ಅಡಿಕೆಗೇ ಹೋಯಿತು.

ನಾವು ಮಾತ್ರ ಇಟ್ಟದ್ದಾಗಿದ್ದರೆ ಚಿಂತೆ ಇರಲಿಲ್ಲ. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗದ ಬಯಲಿನಲ್ಲೂ ಭತ್ತ, ಜೋಳದ ಗದ್ದೆಗಳು ತೋಟವಾಗಿವೆ. ಅಡಿಕೆ ಸಸಿ ಫಸಲಿಗೆ ಬರಲು ಐದಾರು ವರ್ಷ ಬೇಕು. ಬೆಲೆ ನೋಡಿ ಒಂದೇ ಹೊತ್ತಿಗೆ ನೆಟ್ಟವರ ಫಸಲು ಒಂದೇ ಹೊತ್ತಿಗೆ ಮಾರುಕಟ್ಟೆಗೆ ಬರುತ್ತದೆ. ಇನ್ನು ಆಮದು. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಅದರಿಂದ ನಮಗೆ ಒಳ್ಳೆಯದೇ ಆಯಿತು. ಆದರೆ ಒಂದು ಆದೇಶದಲ್ಲಿ ಬಂದ ರಕ್ಷಣೆ ಇನ್ನೊಂದು ಆದೇಶದಲ್ಲಿ ಹೋಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಷ್ಟು ಹಿಂದೆಯೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಕೇರಳ 2012ರಲ್ಲೇ ಗುಟ್ಕಾ ನಿಷೇಧಿಸಿತು. ಕೊಳೆರೋಗ, ಹಳದಿ ರೋಗ, ಎಲೆಚುಕ್ಕೆ ರೋಗ ನಮಗೆ ಹೊಸದಲ್ಲ, ಅದನ್ನು ವಿವರಿಸಬೇಕಾಗಿಲ್ಲ.

ಆಯ್ತು, ತೋಟದ ಹೊರಗೆ ಬೇರೆ ಉಳಿತಾಯ ಇದೆಯಲ್ಲ ಎನ್ನಬಹುದು. ಅಡಿಕೆ ಬೆಲೆ ಬಿದ್ದರೆ ತೋಟದ ಜಾಗದ ಬೆಲೆಯೂ ಬೀಳುತ್ತದೆ. ಊರಿನ ಸೊಸೈಟಿ ಸಾಲ ಕೊಟ್ಟಿರುವುದೂ ಅಡಿಕೆಯವರಿಗೇ. ಅವರು ಕಟ್ಟದಿದ್ದರೆ ನಮ್ಮ ಠೇವಣಿಗೂ ಬಿಸಿ ತಟ್ಟುತ್ತದೆ. ಒಂದೇ ಮರಕ್ಕೆ ನಾಲ್ಕು ಹಗ್ಗ ಕಟ್ಟಿ, ನಾಲ್ಕು ಮರಕ್ಕೆ ಕಟ್ಟಿದೆ ಎಂದುಕೊಂಡ ಹಾಗೆ ಇದು.

ಒಂದು ಲೆಕ್ಕ ಮಾಡಿ ನೋಡೋಣ. ಹತ್ತು ಕ್ವಿಂಟಾಲ್ ಚಾಲಿ ಆಗುವ ಸಣ್ಣ ತೋಟ ಎಂದಿಟ್ಟುಕೊಳ್ಳಿ. ಕಿಲೋಗೆ 450 ರೂಪಾಯಿ ಸಿಕ್ಕಿದರೆ 4.5 ಲಕ್ಷ. ಗೊಬ್ಬರ, ಮಳೆಗಾಲದಲ್ಲಿ ಎರಡು ಮೂರು ಸಲ ಮದ್ದು ಬಿಡುವುದು, ಕೊಯ್ಲು, ಸುಲಿಯುವುದು, ಕರೆಂಟು ಎಲ್ಲ ಸೇರಿ 1.8 ಲಕ್ಷ ಖರ್ಚು ಎನ್ನೋಣ. ಕೈಯಲ್ಲಿ ಉಳಿಯುವುದು 2.7 ಲಕ್ಷ. ಈಗ ಕೆಟ್ಟ ವರ್ಷ ಬಂತು. ಬೆಲೆ 250ಕ್ಕೆ ಇಳಿಯಿತು, ಕೊಳೆರೋಗದಿಂದ ಫಸಲು ಏಳು ಕ್ವಿಂಟಾಲ್ ಆಯಿತು. ಬಂದದ್ದು 1.75 ಲಕ್ಷ. ಖರ್ಚು ಏನು ಅಷ್ಟೇ ಪಾಲು ಇಳಿಯುತ್ತದಾ? ಇಲ್ಲ. ಸುಲಿಯುವ ಕೂಲಿ ಸ್ವಲ್ಪ ಕಡಿಮೆಯಾದರೂ ಕೊಳೆರೋಗದ ವರ್ಷ ಮದ್ದು ಜಾಸ್ತಿಯೇ ಬೇಕು. 1.6 ಲಕ್ಷ ಎಂದರೂ ಉಳಿದದ್ದು 15,000 ರೂಪಾಯಿ. ವರ್ಷಕ್ಕೆ! ಬೆಲೆ ಅರ್ಧದಷ್ಟೂ ಇಳಿದಿಲ್ಲ, ಆದರೆ ಮನೆಯ ಆದಾಯ ಬಹುತೇಕ ಪೂರ್ತಿ ಹೋಯಿತು. ತೋಟದ ಮನೆ ಮತ್ತು ಸಂಬಳದ ಮನೆ ಬೇರೆಯಾಗುವುದು ಇಲ್ಲೇ.

ಹೂಡಿಕೆಯ ಬಗ್ಗೆ ಸಿಗುವ ಸಲಹೆಗಳೆಲ್ಲ ಬೆಂಗಳೂರಿನ ಸಂಬಳದ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡವು. ಆರು ತಿಂಗಳ ಖರ್ಚು ಬೇರೆ ಇಡಿ, ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ಕಂತು (ಎಸ್‌ಐಪಿ) ಕಟ್ಟಿ, ತೆರಿಗೆ ಉಳಿಸಿ. ನಮ್ಮಲ್ಲಿ ದುಡ್ಡು ಬರುವುದು ವರ್ಷಕ್ಕೆ ಎರಡು ಮೂರು ಸಲ. ಆರು ತಿಂಗಳ ಖರ್ಚು ಇಟ್ಟರೆ ಮುಂದಿನ ಫಸಲು ಬರುವ ಮೊದಲೇ ಅದು ಖಾಲಿ. ಅಡಿಕೆ ಮನೆಗೆ ನನ್ನ ಲೆಕ್ಕದಲ್ಲಿ ಒಂದು ವರ್ಷದ ಮನೆಖರ್ಚು ಮತ್ತು ಒಂದು ವರ್ಷದ ತೋಟದ ಖರ್ಚು, ಎರಡೂ ಸೇರಿ ಆಪದ್ಧನ ಇರಬೇಕು. ದೊಡ್ಡ ಮೊತ್ತ, ಹೌದು. ಒಂದೇ ವರ್ಷದಲ್ಲಿ ಆಗುವುದಲ್ಲ. ಬೆಲೆ ಚೆನ್ನಾಗಿರುವ ವರ್ಷಗಳಲ್ಲಿ ಮಾತ್ರ ಆಗುತ್ತದೆ. ಅದು ತುಂಬುವ ತನಕ ಹೊಸ ಸಸಿಯೂ ಬೇಡ, ಮ್ಯೂಚುವಲ್ ಫಂಡೂ ಬೇಡ.

ಆದರೆ ಆಪದ್ಧನ ಎಂದರೆ ನಮ್ಮವರು ಅಟ್ಟ ತೋರಿಸುತ್ತಾರೆ. ಅಡಿಕೆ ಇದ್ದರೆ ಬ್ಯಾಂಕಿನಲ್ಲಿ ದುಡ್ಡು ಇದ್ದ ಹಾಗೆ ಅಲ್ವಾ ಎಂಬ ವಾದ. ಇದರಲ್ಲಿ ಸತ್ಯ ಇಲ್ಲ ಎಂದಲ್ಲ. ಹಳೆ ಚಾಲಿಗೆ ಹೊಸತಿಗಿಂತ ಜಾಸ್ತಿ ಬೆಲೆ ಇದೆ. ಬೇಕೆಂದಾಗ ಒಂದು ಮೂಟೆ ಜೀಪಿಗೆ ಹಾಕಿದರೆ ಸಂಜೆಗೆ ದುಡ್ಡು. 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ ಮೇಲೆ ವ್ಯಾಪಾರಿ ಹೇಳಿದ ಬೆಲೆಗೇ ಕೊಡಬೇಕಾದ ಕಾಲವೂ ಹೋಯಿತು. ಹಾಗಾಗಿ ಸ್ವಲ್ಪ ಅಡಿಕೆ ಹಿಡಿದಿಡುವುದು ದಡ್ಡತನವಲ್ಲ.

ಆದರೆ ಲೆಕ್ಕ ಪೂರ್ತಿ ಮಾಡಬೇಕು. ಇಟ್ಟ ಅಡಿಕೆ ತೂಕ ಇಳಿಯುತ್ತದೆ. ಹುಳು ಬೀಳುತ್ತದೆ, ಮಳೆಗಾಲದಲ್ಲಿ ಬೂಸು ಹಿಡಿಯುತ್ತದೆ. ಮತ್ತೆ ಆರಿಸಲಿಕ್ಕೆ ಕೂಲಿ ಕೊಡಬೇಕು. ಕಿಲೋಗೆ 450ರಂತೆ ಮಾರಿ ಆ ದುಡ್ಡನ್ನು ಶೇಕಡ 7 ಬಡ್ಡಿಗೆ ಬ್ಯಾಂಕಿನಲ್ಲಿಟ್ಟರೆ ವರ್ಷಕ್ಕೆ ಕಿಲೋ ಲೆಕ್ಕದಲ್ಲಿ 31 ರೂಪಾಯಿ ಬರುತ್ತದೆ. ತೂಕ ಶೇಕಡ 2 ಇಳಿದರೆ ಇನ್ನೊಂದು 9 ರೂಪಾಯಿ. ಅಂದರೆ ಬೆಲೆ 490 ಆದರೆ ಮಾತ್ರ ಕಾದದ್ದು ಅಸಲಿಗೆ ಸಮ. ಅದಕ್ಕಿಂತ ಕಡಿಮೆ ಏರಿದರೆ ನಷ್ಟವೇ, ಕೈಗೆ ಬಂದ ನೋಟು ಜಾಸ್ತಿ ಇರುವುದರಿಂದ ನಮಗೆ ಗೊತ್ತಾಗುವುದಿಲ್ಲ ಅಷ್ಟೆ. ಅದೂ ಅಲ್ಲದೆ, ಅಡಿಕೆ ಬೆಲೆ ಬಿದ್ದ ವರ್ಷವೇ ನಮಗೆ ಆಪದ್ಧನ ಬೇಕಾಗುವುದು. ಆಗ ಅಟ್ಟದ ಅಡಿಕೆಗೂ ಬೆಲೆ ಇಲ್ಲ. ಅಟ್ಟದಲ್ಲಿ ಅಡಿಕೆ ಇಟ್ಟುಕೊಂಡು ಬ್ಯಾಂಕಿನಲ್ಲಿ ಚಿನ್ನ ಅಡವಿಟ್ಟು ಮನೆಖರ್ಚು ನಡೆಸುವವರೂ ಇದ್ದಾರೆ. ಅವರು ಸಾಲ ಮಾಡಿ ಅಡಿಕೆ ವ್ಯಾಪಾರ ಮಾಡುತ್ತಿದ್ದಾರೆ, ತಾವು ಕೃಷಿಕರು ಎಂದುಕೊಂಡಿದ್ದಾರೆ.

ಸಾಲದಲ್ಲಿ ಒಂದು ಮಾತ್ರ ತೀರಿಸುವ ಅವಸರ ಬೇಡ. ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆ ಸಾಲಕ್ಕೆ 3 ಲಕ್ಷದವರೆಗೆ ಬಡ್ಡಿ ಶೇಕಡ 7, ಗಡುವಿನೊಳಗೆ ಕಟ್ಟಿದರೆ 4. ಇಷ್ಟು ಅಗ್ಗದ ಸಾಲ ಬೇರೆ ಎಲ್ಲೂ ಸಿಗುವುದಿಲ್ಲ. ಗಡುವು ತಪ್ಪಿಸಬೇಡಿ, ಅಷ್ಟೆ. ಉಳಿದ ದುಬಾರಿ ಸಾಲಗಳನ್ನು ತೀರಿಸುವುದೇ ಮೊದಲ ಹೂಡಿಕೆ.

ಸೊಸೈಟಿಯ ವಿಷಯಕ್ಕೆ ಬರೋಣ. ಇಲ್ಲಿ ಜನರಿಗೆ ಇರುವ ತಪ್ಪು ತಿಳುವಳಿಕೆ ಒಂದೇ: ಬೋರ್ಡಿನಲ್ಲಿ ಬ್ಯಾಂಕ್ ಎಂದು ಬರೆದಿದೆ, ಹಾಗಾಗಿ 5 ಲಕ್ಷದ ವಿಮೆ ಇದೆ. ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯ ಠೇವಣಿ ವಿಮೆ 2020ರ ಫೆಬ್ರವರಿಯಲ್ಲಿ ಒಂದು ಲಕ್ಷದಿಂದ 5 ಲಕ್ಷಕ್ಕೆ ಏರಿದ್ದು ನಿಜ. ಆದರೆ ಅದು ರಿಸರ್ವ್ ಬ್ಯಾಂಕ್ ಲೈಸೆನ್ಸ್ ಇರುವ ಬ್ಯಾಂಕುಗಳಿಗೆ. ಊರೂರಿನ ಸರ್ವಿಸ್ ಸಹಕಾರಿ ಬ್ಯಾಂಕುಗಳಲ್ಲಿ ಹೆಚ್ಚಿನವು ಕಾನೂನಿನ ಪ್ರಕಾರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು. ಅವುಗಳಿಗೆ ಈ ವಿಮೆ ಇಲ್ಲ. 2021ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಇದನ್ನೇ ಬಾಯಿಬಿಟ್ಟು ಹೇಳಿತು, ಕೇರಳದಲ್ಲಿ ಅದು ದೊಡ್ಡ ರಾಜಕೀಯ ಗಲಾಟೆಯೂ ಆಯಿತು. ಕೇರಳ ಸರ್ಕಾರದ ಬೇರೆಯೇ ಒಂದು ಠೇವಣಿ ಗ್ಯಾರಂಟಿ ನಿಧಿ ಇದೆ. ನಿಮ್ಮ ಸೊಸೈಟಿ ಅದರಲ್ಲಿ ಸೇರಿದೆಯಾ, ಎಷ್ಟು ಮೊತ್ತದವರೆಗೆ ಎಂದು ಕೌಂಟರಿನಲ್ಲೇ ಕೇಳಬಹುದು. ಅದೇ 2021ರಲ್ಲಿ ತೃಶ್ಶೂರಿನ ಕರುವನ್ನೂರು ಸಹಕಾರಿ ಬ್ಯಾಂಕಿನ ಹಗರಣ ಹೊರಬಂದಾಗ ಠೇವಣಿದಾರರು ತಮ್ಮದೇ ದುಡ್ಡಿಗಾಗಿ ಕಾಯಬೇಕಾಯಿತು.

ಸೊಸೈಟಿ ಬಿಟ್ಟುಬಿಡಿ ಎಂದು ಹೇಳುತ್ತಿಲ್ಲ. ಮಳೆಗಾಲದಲ್ಲಿ ಮೈಲುತುತ್ತು ಸಾಲಕ್ಕೆ ಕೊಡುವುದು ಅದೇ, ಮಗಳ ಮದುವೆಗೆ ಎರಡು ದಿನದಲ್ಲಿ ಸಾಲ ಪಾಸು ಮಾಡುವುದೂ ಅದೇ. ಸೆಕ್ರೆಟರಿ ನಮ್ಮ ಭಾಷೆ ಮಾತಾಡುತ್ತಾರೆ, ಅದೂ ಸಣ್ಣ ವಿಷಯವಲ್ಲ. ಆದರೆ ಇಡೀ ಜೀವಮಾನದ ಗಂಟನ್ನು, ಅರ್ಧ ಶೇಕಡ ಬಡ್ಡಿ ಜಾಸ್ತಿ ಎಂದು ಅಲ್ಲೇ ಇಡುವುದು ಸರಿಯಲ್ಲ. ಒಂದು ಪಾಲು ಅಲ್ಲಿರಲಿ, ದೊಡ್ಡ ಪಾಲು ವಿಮೆ ಇರುವ ಬ್ಯಾಂಕಿನಲ್ಲೋ ಪೋಸ್ಟ್ ಆಫೀಸಿನಲ್ಲೋ ಇರಲಿ. 60 ದಾಟಿದವರಿಗೆ ಪೋಸ್ಟ್ ಆಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಇಡಬಹುದು, ಬಡ್ಡಿ ಮೂರು ತಿಂಗಳಿಗೊಮ್ಮೆ ಕೈಗೆ ಬರುತ್ತದೆ.

ಚಿಟ್ಟಿಯ ಬಗ್ಗೆಯೂ ಇಷ್ಟೇ. ಚಿಟ್ಟಿ ನಡೆಸುವ, 1969ರಲ್ಲಿ ಶುರುವಾದ ಕೆಎಸ್‌ಎಫ್‌ಇ ಕೇರಳ ಸರ್ಕಾರದ್ದೇ ಸಂಸ್ಥೆ, ದುಡ್ಡು ಮುಳುಗುವ ಹೆದರಿಕೆ ಇಲ್ಲ. ಆದರೆ ಚಿಟ್ಟಿ ಹೂಡಿಕೆಯಲ್ಲ. ಬೇಗ ಕೂಗಿ ಹಿಡಿದವರಿಗೆ ಅದು ಸಾಲ, ಕೊನೆತನಕ ಕಾದವರಿಗೆ ಅದು ಉಳಿತಾಯ. ಕಾದವರ ಲಾಭ ಉಳಿದವರು ಎಷ್ಟು ಕಡಿಮೆಗೆ ಕೂಗಿದರು ಎಂಬುದರ ಮೇಲೆ ನಿಂತಿದೆ, ಅದರಲ್ಲಿ ನಡೆಸುವವರ ಕಮಿಷನ್ ಬೇರೆ ಹೋಗುತ್ತದೆ. ಹರಾಜಿನಲ್ಲಿ ಸಿಕ್ಕಿದ ಮೇಲೂ ದುಡ್ಡು ಕೈಗೆ ಬರಲು ಜಾಮೀನು ಬೇಕು: ಸರ್ಕಾರಿ ನೌಕರರ ಸಹಿಯೋ, ಜಾಗದ ದಾಖಲೆಯೋ, ಚಿನ್ನವೋ. ಸೇರುವಾಗ ಇದನ್ನು ಯೋಚಿಸದವರು ಹಿಡಿದ ಮೇಲೆ ಓಡಾಡುತ್ತಾರೆ. ಮದುವೆ, ಮನೆ ರಿಪೇರಿಯಂಥ ಎರಡು ಮೂರು ವರ್ಷದೊಳಗಿನ ಖರ್ಚಿಗೆ ಚಿಟ್ಟಿ ಸರಿ. ಮುಪ್ಪಿನ ಕಾಲಕ್ಕೆ ಅಲ್ಲ.

ಚಿನ್ನ ಇತ್ತೀಚಿನ ವರ್ಷಗಳಲ್ಲಿ ಎಲ್ಲರ ಲೆಕ್ಕವನ್ನೂ ಸುಳ್ಳು ಮಾಡಿ ಏರಿದೆ, ಹಾಗಾಗಿ ಅದನ್ನು ಟೀಕಿಸಿದರೆ ಯಾರೂ ಕೇಳುವುದಿಲ್ಲ. ಒಂದೇ ಮಾತು: ಹಾಕಿಕೊಳ್ಳಲಿಕ್ಕಾದರೆ ಒಡವೆ, ಹೂಡಿಕೆಗಾದರೆ ಒಡವೆ ಬೇಡ. ಒಡವೆಯ ಮೇಲೆ ಮಜೂರಿ, ಚಿನ್ನದ ಬೆಲೆಯ ಮೇಲೆ ಶೇಕಡ 3 ಜಿಎಸ್‌ಟಿ. ಮಾರುವಾಗ ಇವೆರಡೂ ವಾಪಸ್ ಬರುವುದಿಲ್ಲ.

ಆಪದ್ಧನ ತುಂಬಿ, ದುಬಾರಿ ಸಾಲ ತೀರಿದ ಮೇಲೆ ಉಳಿದ ದುಡ್ಡು ಎಲ್ಲಿ ಹೋಗಬೇಕು? ತೋಟಕ್ಕೆ ಸಂಬಂಧವೇ ಇಲ್ಲದ ಕಡೆಗೆ. ಮಳೆ ಜಾಸ್ತಿಯಾದರೂ ಅಡಿಕೆ ಆಮದಾದರೂ ಅದಕ್ಕೆ ಏನೂ ಆಗಬಾರದು.

ನಮ್ಮ ಕ್ಯಾಲೆಂಡರಿಗೆ ಸರಿಹೊಂದುವುದು ಪಿಪಿಎಫ್, ಅಂದರೆ ಸರ್ಕಾರದ 15 ವರ್ಷದ ಉಳಿತಾಯ ಖಾತೆ. ವರ್ಷಕ್ಕೆ 500 ರೂಪಾಯಿಯಿಂದ 1.5 ಲಕ್ಷದವರೆಗೆ, ಯಾವಾಗ ಬೇಕಾದರೂ ಹಾಕಬಹುದು. ತಿಂಗಳ ಕಂತಿನ ಗೋಜಿಲ್ಲ. ಬಡ್ಡಿ ಲೆಕ್ಕ ಹಾಕುವುದು ತಿಂಗಳ 5ನೇ ತಾರೀಕಿನಿಂದ ಕೊನೆಯವರೆಗೆ ಇರುವ ಕನಿಷ್ಠ ಮೊತ್ತಕ್ಕೆ. ಹೊಸ ಚಾಲಿ ಮಾರಿ ದುಡ್ಡು ಬರುವ ಹೊತ್ತಿಗೇ ಏಪ್ರಿಲ್ ಬರುತ್ತದೆ, 5ರ ಒಳಗೆ ಹಾಕಿದರೆ ಇಡೀ ವರ್ಷದ ಬಡ್ಡಿ. 2020ರ ಏಪ್ರಿಲಿನಲ್ಲಿ ಶೇಕಡ 7.1ಕ್ಕೆ ಇಳಿದ ಬಡ್ಡಿ ವರ್ಷಗಟ್ಟಲೆ ಅಲ್ಲೇ ನಿಂತಿದೆ. ಅದೇ ದರದಲ್ಲಿ ವರ್ಷಕ್ಕೆ 1.5 ಲಕ್ಷದಂತೆ 15 ವರ್ಷ ಹಾಕಿದರೆ, 22.5 ಲಕ್ಷ ಕಟ್ಟಿದ್ದು 40 ಲಕ್ಷ ದಾಟುತ್ತದೆ, ಬಡ್ಡಿಗೆ ತೆರಿಗೆಯೂ ಇಲ್ಲ.

ಇದರ ಜೊತೆಗೆ ಸ್ವಲ್ಪ ಪಾಲು ಷೇರಿನ ಫಂಡಿನಲ್ಲಿ ಇರಬೇಕು ಎಂಬುದು ನನ್ನ ಅಭಿಪ್ರಾಯ. ಒಂದು ಕಂಪನಿಯ ಷೇರು ಹಿಡಿದು ಕೂರುವುದಲ್ಲ. ನಿಫ್ಟಿಯ 50 ಕಂಪನಿಗಳನ್ನೂ ಹಾಗೆಯೇ ಕೊಂಡಿಡುವ ಇಂಡೆಕ್ಸ್ ಫಂಡ್ ಸಾಕು. ಎಸ್‌ಐಪಿಯೇ ಆಗಬೇಕೆಂದೇನಿಲ್ಲ, ಅಡಿಕೆ ಮಾರಿದ ಮೇಲೆ ವರ್ಷಕ್ಕೊಮ್ಮೆ ಹಾಕಿದರೂ ಆಗುತ್ತದೆ. ಹತ್ತು ವರ್ಷದೊಳಗೆ ಬೇಕಾಗುವ ದುಡ್ಡನ್ನು ಮಾತ್ರ ಇಲ್ಲಿ ಇಡಬೇಡಿ. 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 2009ರ ಮಾರ್ಚಿಗೆ 8,000ದ ಸುತ್ತ ಇತ್ತು. ಹಳೆಯ ಎತ್ತರ ದಾಟಿ ಗಟ್ಟಿಯಾಗಿ ನಿಲ್ಲಲು 2013ರ ಕೊನೆ ಬಂತು. ನಡುವೆ ಹೆದರಿ ಮಾರಿದವರು ನಷ್ಟವನ್ನು ಖಾಯಂ ಮಾಡಿಕೊಂಡರು. ಆಪದ್ಧನ ಮೊದಲು ತುಂಬಬೇಕು ಎಂದದ್ದು ಇದಕ್ಕೇ. ಮನೆಯಲ್ಲಿ ಬೇರೆ ದುಡ್ಡು ಇದ್ದವರಿಗೆ ಕಾಯಲು ಆಗುತ್ತದೆ.

ಖರ್ಚಿನ ಮೇಲೂ ಕಣ್ಣಿರಲಿ. ವರ್ಷಕ್ಕೆ 50,000ದಂತೆ 20 ವರ್ಷ ಹಾಕಿ, ಶೇಕಡ 10 ಬೆಳೆದರೆ 28.6 ಲಕ್ಷ. ಬೆಳೆಯುತ್ತದೆ ಎಂಬ ಗ್ಯಾರಂಟಿ ಇಲ್ಲ, ಇದು ಲೆಕ್ಕಕ್ಕೆ ಮಾತ್ರ. ಅದರಲ್ಲಿ ಶೇಕಡ 1 ಕಮಿಷನ್ನಿಗೆ ಹೋಗಿ 9 ಆದರೆ 25.6 ಲಕ್ಷ. ಒಂದೇ ಶೇಕಡಕ್ಕೆ ಮೂರು ಲಕ್ಷ! 2013ರಿಂದ ಎಲ್ಲ ಫಂಡುಗಳಿಗೂ ಡೈರೆಕ್ಟ್ ಎಂಬ ಕಮಿಷನ್ ಇಲ್ಲದ ಪ್ಲಾನ್ ಇದೆ. ಮೊಬೈಲಿನಲ್ಲಿ ಮಾಡಿಕೊಳ್ಳುವ ಮಕ್ಕಳಿದ್ದರೆ ಅದು ಸಾಕು. ಒಬ್ಬರು ಬಂದು ಕೂತು ವಿವರಿಸಬೇಕು, ಬಿದ್ದಾಗ ಧೈರ್ಯ ಹೇಳಬೇಕು ಎನ್ನುವವರು ಕಮಿಷನ್ ಇರುವ ರೆಗ್ಯುಲರ್ ಪ್ಲಾನ್ ತೆಗೆದುಕೊಂಡರೂ ತಪ್ಪಿಲ್ಲ, ಎಷ್ಟು ಕೊಡುತ್ತಿದ್ದೇವೆ ಎಂದು ಗೊತ್ತಿದ್ದರೆ ಆಯಿತು.

ಹೀಗೆ ಬಂದು ಕೂರುವವರಲ್ಲಿ ಹೆಚ್ಚಿನವರು ಫಂಡಿನವರಲ್ಲ, ಇನ್ಶೂರೆನ್ಸಿನವರು. ಅಡಿಕೆ ಮಾರಿದ ಸುದ್ದಿ ಅವರಿಗೆ ಅದು ಹೇಗೋ ನಮಗಿಂತ ಮೊದಲೇ ಗೊತ್ತಾಗುತ್ತದೆ! ಅವರ ಮೊದಲ ಮಾತು: "ಅಣ್ಣ, ಟ್ಯಾಕ್ಸ್ ಉಳಿಯುತ್ತದೆ." ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯೇ ಇಲ್ಲ. ಬೇರೆ ಆದಾಯ ಇಲ್ಲದ ಅಡಿಕೆ ಕೃಷಿಕನಿಗೆ ಉಳಿಸಲಿಕ್ಕೆ ಎಂತ ಟ್ಯಾಕ್ಸ್? ದುಡ್ಡು ವಾಪಸ್ ಬರುವ ಪಾಲಿಸಿಗಳಲ್ಲಿ ಹೆಚ್ಚಿನವು ಪಿಪಿಎಫ್‌ನಷ್ಟೂ ಕೊಡುವುದಿಲ್ಲ, ನಡುವೆ ಬಿಟ್ಟರೆ ಕಟ್ಟಿದ್ದರಲ್ಲೂ ಖೋತಾ. ದುಡಿಯುವವರು ತೀರಿಕೊಂಡರೆ ಮನೆ ನಡೆಯಬೇಕು ಎಂಬುದಕ್ಕೆ, ತೀರಿಕೊಂಡರೆ ಮಾತ್ರ ದುಡ್ಡು ಕೊಡುವ ಟರ್ಮ್ ಪಾಲಿಸಿ ಸಾಕು. ಅದೂ ದುಬಾರಿ ಎನಿಸಿದರೆ ಬ್ಯಾಂಕ್ ಖಾತೆಯಿಂದಲೇ ವರ್ಷಕ್ಕೆ 436 ರೂಪಾಯಿ ಕಡಿತವಾಗುವ ಜೀವನ್ ಜ್ಯೋತಿ, 20 ರೂಪಾಯಿಯ ಸುರಕ್ಷಾ ವಿಮೆ ಇವೆ. ತಲಾ 2 ಲಕ್ಷ. ಅಡಿಕೆ ಮರ ಹತ್ತುವವರ ಮನೆಯಲ್ಲಿ ಆ 20 ರೂಪಾಯಿಯ ಅಪಘಾತ ವಿಮೆ ಇಲ್ಲ ಎಂದರೆ ಅದು ನಮ್ಮೆಲ್ಲರದ್ದೂ ತಪ್ಪು, ಕೆಲಸಕ್ಕೆ ಕರೆಯುವವರು ನಾವೇ ಅಲ್ವಾ.

ಆರೋಗ್ಯ ವಿಮೆಯಲ್ಲಿ ಗಡಿನಾಡಿನವರಿಗೆ ಬೇರೆಯೇ ಸಮಸ್ಯೆ. ನಮ್ಮ ಕಾರ್ಡು ಕೇರಳದ್ದು, ಆಸ್ಪತ್ರೆ ಮಂಗಳೂರಿನದ್ದು. 2020ರ ಮಾರ್ಚಿನಲ್ಲಿ ಕೊರೊನಾ ಹೊತ್ತಿಗೆ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ನಾವು ಆ ಆಸ್ಪತ್ರೆಗಳನ್ನು ಎಷ್ಟು ನಂಬಿದ್ದೇವೆ ಎಂದು ಎಲ್ಲರಿಗೂ ಗೊತ್ತಾಯಿತು. ಪಾಲಿಸಿ ಮಾಡುವ ಮೊದಲು ದೇರಳಕಟ್ಟೆ, ಮಂಗಳೂರಿನ ಯಾವ ಆಸ್ಪತ್ರೆಯಲ್ಲಿ ಕ್ಯಾಶ್‌ಲೆಸ್ ನಡೆಯುತ್ತದೆ ಎಂದು ಕೇಳಿ. ಸರ್ಕಾರಿ ಕಾರ್ಡಿಗೂ ಇದೇ ಪ್ರಶ್ನೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಮತ್ತು ಜೀವ ವಿಮೆಯ ಪ್ರೀಮಿಯಮ್ಮಿಗೆ ಜಿಎಸ್‌ಟಿ ಇಲ್ಲ.

ಉಪ್ಪಳ, ಕುಂಬಳೆಯ ಗಲ್ಫ್ ಮನೆಗಳಲ್ಲಿ ಅಡಿಕೆಯ ಜಾಗದಲ್ಲಿ ದಿರ್ಹಮ್ ಇದೆ, ಕಥೆ ಅದೇ. ಒಂದೇ ಮೂಲ, ಅದಕ್ಕೊಂದು ಕೊನೆಯ ತಾರೀಕು. ಆ ದುಡ್ಡು ಮನೆಗೆ ಹೋಗಿ ನಿಲ್ಲುತ್ತದೆ, ಮನೆಗೆ ಬಾಡಿಗೆ ಬರುವುದಿಲ್ಲ. ಅನಿವಾಸಿಗಳು ಹೊಸ ಪಿಪಿಎಫ್ ತೆರೆಯುವಂತಿಲ್ಲ, ಹೋಗುವ ಮೊದಲೇ ಇದ್ದದ್ದನ್ನು ಅವಧಿ ಮುಗಿಯುವ ತನಕ ನಡೆಸಬಹುದು. ಹಾಗಾಗಿ ವೀಸಾ ಬರುವ ಮೊದಲೇ ಹುಡುಗನ ಹೆಸರಿನಲ್ಲಿ ಒಂದು ಖಾತೆ ತೆರೆದಿಡುವುದು ಒಳ್ಳೆಯದು. ಅನಿವಾಸಿಗಳಿಗಾಗಿ ಇರುವ ಕೇರಳದ ಪ್ರವಾಸಿ ಕ್ಷೇಮನಿಧಿ ಮಂಡಳಿಯ ಪಿಂಚಣಿಗೂ 60ರ ಒಳಗೆ ಸೇರಬೇಕು.

ಬಡ್ಡಿ ಬೇಡ ಎನ್ನುವ ಮನೆಗಳನ್ನು ಹುಡುಕಿಕೊಂಡು ಬರುವುದು ಲಾಭಾಂಶದ ಸ್ಕೀಮುಗಳು. ಜುವೆಲ್ಲರಿಯಲ್ಲಿ ಪಾಲುದಾರರಾಗಿ, ತಿಂಗಳು ತಿಂಗಳು ಲಾಭ ತಗೊಳ್ಳಿ ಎಂದು. 2020ರಲ್ಲಿ ನಮ್ಮ ಜಿಲ್ಲೆಯಲ್ಲೇ ಅಂಥ ಒಂದು ಪ್ರಕರಣ ಪೊಲೀಸ್ ಕೇಸಾಯಿತು. ಧರ್ಮಕ್ಕೆ ಒಪ್ಪುವ ದಾರಿ ಬೇಕೆಂದರೆ ಬಡ್ಡಿ ವ್ಯವಹಾರದ ಕಂಪನಿಗಳನ್ನು ಬಿಟ್ಟು ಹೂಡುವ, ಷೇರುಪೇಟೆಯ ನಿಯಂತ್ರಕ ಸೆಬಿಯ ಕಣ್ಣಿನಡಿ ಇರುವ ಮ್ಯೂಚುವಲ್ ಫಂಡುಗಳೇ ಇವೆ. ವಾಟ್ಸಾಪಿನಲ್ಲಿ ಬರುವ ಟ್ರೇಡಿಂಗ್ ಆ್ಯಪುಗಳ ಬಗ್ಗೆ ಹೇಳಬೇಕಾಗಿಲ್ಲ, ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕೊನೆಗೆ ಕಾಗದ ಪತ್ರ. ಫಾರ್ಮು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಕನ್ನಡ ಶಾಲೆಯಲ್ಲಿ ಕಲಿತ ಅಮ್ಮ ತೋರಿಸಿದ ಕಡೆ ಸಹಿ ಹಾಕುತ್ತಾರೆ. ನಾಮಿನಿ ಜಾಗ ಖಾಲಿ ಉಳಿಯುತ್ತದೆ. ಆಧಾರಿನಲ್ಲಿ ಹೆಸರಿನ ಒಂದು ಸ್ಪೆಲ್ಲಿಂಗ್, ಪಾನ್ ಕಾರ್ಡಿನಲ್ಲಿ ಇನ್ನೊಂದು, ಜಾಗದ ದಾಖಲೆಯಲ್ಲಿ ಮನೆ ಹೆಸರೂ ಸೇರಿ ಮೂರನೆಯದು. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು. ನಾಮಿನಿ ಎಂದರೆ ಹಕ್ಕುದಾರ ಅಲ್ಲ, ದುಡ್ಡು ಪಡೆದು ವಾರಸುದಾರರಿಗೆ ಕೊಡಬೇಕಾದವನು ಮಾತ್ರ. ಷೇರಿನ ವಿಷಯದಲ್ಲೂ ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಇದನ್ನೇ ಹೇಳಿತು. ಮೂರು ಮಕ್ಕಳಿದ್ದು ಒಬ್ಬರನ್ನೇ ನಾಮಿನಿ ಮಾಡಿದವರು ಒಂದು ವಿಲ್ ಕೂಡ ಬರೆದಿಡಬೇಕು. ಹತ್ತು ವರ್ಷ ಯಾರೂ ಮುಟ್ಟದ ಬ್ಯಾಂಕ್ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಆಮೇಲೂ ವಾರಸುದಾರರು ಕೇಳಿ ಪಡೆಯಬಹುದು. ಹುಡುಕಲಿಕ್ಕೆ 2023ರಿಂದ ಉದ್ಗಮ್ ಎಂಬ ವೆಬ್‌ಸೈಟ್ ಇದೆ. ಊರಿನ ಸೊಸೈಟಿಯ ಠೇವಣಿ ಮಾತ್ರ ಅಲ್ಲಿ ಸಿಗುವುದಿಲ್ಲ. ಅದಕ್ಕೆ ಅಜ್ಜನ ಪೆಟ್ಟಿಗೆಯಲ್ಲಿರುವ ಹಳೆ ರಸೀದಿ ಹಿಡಿದುಕೊಂಡು ಸೊಸೈಟಿಗೇ ಹೋಗಬೇಕು.